ಹೊಳೆ ಒಯ್ದ ಬೋಟಿಗೆ ಎರಡು ಕೋಟು

ಬೆಳ್ಳಗಿರುವುದೆಲ್ಲ ಹಾಲಲ್ಲ, ಕೆಲವೊಮ್ಮೆ ಅದು ಬಣ್ಣದಡಿ ಬಳಿಯುವ ಪ್ರೈಮರ್. ಗಾದೆಯನ್ನು ಹಿರಿಯರು ಹೀಗೆ ಪೂರ್ತಿ ಮಾಡಿ ಹೋಗಿದ್ದರೆ ದೆರಾಮಾನನಂಥವರಿಗೆ ಉಪಕಾರವಾಗುತ್ತಿತ್ತು. ಇದು ಕಟ್ಟಿದ ಕತೆಯಲ್ಲ, ಮಲೇಷ್ಯಾದ ತೆರಂಗಾನು ಕಡೆಯ ನಮ್ಮ ಹೊಳೆಬಾಯಲ್ಲೇ ನಡೆದದ್ದು. ನಂಬದವರು ಬಂದು ಆ ಬೋಟನ್ನು ಮುಟ್ಟಿ ನೋಡಬಹುದು. ಬಣ್ಣ ಒಣಗಿದೆ.

ದೆರಾಮಾನನ ಮಾವ ಸಾಯುವಾಗ ತನ್ನ ಸಣ್ಣ ಫೈಬರ್ ಬೋಟನ್ನು ಮಗನಿಗೂ ಅದರ ಎಂಜಿನನ್ನು ಅಳಿಯನಿಗೂ ಕೊಟ್ಟು ಹೋಗಿದ್ದ. ಮಗ ಎಂದರೆ ಕಾಫಿ ಅಂಗಡಿಯ ಎಂಬೊಂಗ್ ಎಂಬವನು; ಅಳಿಯ ಎಂದರೆ ದೆರಾಮಾನ್. ಒಂದನ್ನು ಬಿಟ್ಟು ಇನ್ನೊಂದು ನಡೆಯುವುದಿಲ್ಲ, ಹಾಗಾಗಿ ಭಾವ ಭಾವಮೈದುನರು ಕೂಡಿಯೇ ಇರುತ್ತಾರೆ ಎಂಬುದು ಮುದುಕನ ಲೆಕ್ಕ. ಸಿಕ್ಕ ಮೀನಿನಲ್ಲಿ ಬೋಟಿಗೊಂದು ಪಾಲು, ಎಂಜಿನಿಗೊಂದು ಪಾಲು, ದುಡಿದ ಕೈಗೊಂದು ಪಾಲು. ಲೆಕ್ಕ ಕೆಲವು ವರ್ಷ ಸರಿಯಾಗಿಯೇ ನಡೆಯಿತು. ಆಮೇಲೆ ಎಂಬೊಂಗ್ ಪೇಟೆಯಿಂದ ಹೊಸ ಎಂಜಿನ್ ತಂದ. ಮುದುಕನ ಎಂಜಿನ್ ಗೋಣಿಚೀಲ ಹೊದ್ದುಕೊಂಡು ದೆರಾಮಾನನ ಮನೆಯ ಜಗಲಿಯಡಿ ಮಲಗಿತು. ಅವನಿಗೆ ಉಳಿದದ್ದು ಕೈಯ ಪಾಲು, ಅಂದರೆ ಕೈಗೆ ಬಂದಷ್ಟು.

"ಬೇಜಾರ್ ಮಾಡ್ಕೋಬೇಡಿ ಅಳಿಯ ಸಾಹೇಬ್ರೆ," ಎಂದಿದ್ದ ಎಂಬೊಂಗ್, ತುಂಬಿದ ಅಂಗಡಿಯಲ್ಲಿ. "ಅಪ್ಪನ ಎಂಜಿನ್ ಕೆಮ್ಮೋ ಕೆಮ್ಮಿಗೆ ಮೀನೆಲ್ಲ ಡಾಕ್ಟ್ರನ್ನ ಹುಡುಕ್ಕೊಂಡು ಓಡ್ತಾವೆ." ಎಂದವನೇ ಆ ಕೆಮ್ಮನ್ನು ಗಂಟಲಲ್ಲಿ ತೆಗೆದೂ ತೋರಿಸಿದ. ಅಂಗಡಿಯ ಬೆಂಚುಗಳು ನಕ್ಕು ಅಲುಗಾಡಿದವು.

ಎಂಬೊಂಗ್ ಅಣಕಿಸದೆ ಬಿಟ್ಟವರು ಊರಲ್ಲಿ ಯಾರೂ ಇರಲಿಲ್ಲ. ಮೀನುಗಾರಿಕೆ ಇನ್‌ಸ್ಪೆಕ್ಟರರ ನಡಿಗೆ, ಸ್ವಂತ ಹೆಂಡತಿಯ ಗೊರಕೆ, ಎಲ್ಲ ಅವನ ಮೈಯಲ್ಲಿ ಬಾಡಿಗೆಗಿದ್ದವು. ಉಳಿದವರು ನಕ್ಕು ಮರೆಯುತ್ತಿದ್ದರು. ದೆರಾಮಾನ್ ಮಾತ್ರ ಆ ಕೆಮ್ಮನ್ನು ಮನೆಗೆ ಕಟ್ಟಿಕೊಂಡು ಹೋದ. ಅನ್ನದ ಮುಂದೆ ಕೂತರೂ ಅದು ಕೇಳುತ್ತಿತ್ತು.

ಅವನನ್ನು ಇನ್ನೂ ಚುಚ್ಚುತ್ತಿದ್ದದ್ದು ಬೋಟಿನ ಸ್ಥಿತಿ. ಬಿಸಿಲಿಗೆ ಸುಟ್ಟ ನೀಲಿ ಬಣ್ಣ ಮುಟ್ಟಿದರೆ ಸುಣ್ಣದಂತೆ ಅಂಗೈಗೆ ಬರುತ್ತಿತ್ತು. ತಳಕ್ಕೆ ಚಿಪ್ಪುಗಳು ಕಚ್ಚಿದ್ದವು, ಮೂತಿಯ ಹತ್ತಿರ ಬಿರುಕು. ಮೈ ಉಜ್ಜುವವನದೇ ಎಮ್ಮೆ ಎನ್ನುವ ನ್ಯಾಯ ಲೋಕದಲ್ಲಿದ್ದಿದ್ದರೆ ಅದು ಎಂದೋ ತನ್ನದಾಗಬೇಕಿತ್ತು ಎಂದು ದೆರಾಮಾನನಿಗೆ ಅನಿಸುತ್ತಿತ್ತು. ಬೋಟೊಂದು ಇದ್ದರೆ ಮುದುಕನ ಎಂಜಿನ್ ಕಟ್ಟಿಕೊಂಡು ಮೂರೂ ಪಾಲು ಮನೆಗೆ ತರಬಹುದು. ಯಾರ ಬೋಟಿನಲ್ಲೂ ಕೈಯಾಗಿ ಕೂರಬೇಕಿಲ್ಲ, ಯಾರ ಅಂಗಡಿಯಲ್ಲೂ ನಗೆಯಾಗಬೇಕಿಲ್ಲ.

ಮಳೆಗಾಲದ ಗಾಳಿ ಎದ್ದಿತು, ಸಮುದ್ರ ಮುಚ್ಚಿತು. ಊರವರೆಲ್ಲ ಬೋಟುಗಳನ್ನು ದಡಕ್ಕೆಳೆದು, ತೆಂಗಿನ ಮರದಡಿ ಮಗುಚಿ, ಉಜ್ಜಿ ಬಣ್ಣ ಬಳಿಯುವ ಕಾಲ. ಎಂಬೊಂಗ್ ಮಾತ್ರ ನಾಳೆ, ನಾಳಿದ್ದು ಎನ್ನುತ್ತ ತನ್ನದನ್ನು ಹೊಳೆಯ ಮೆಟ್ಟಿಲಿಗೆ ಕಟ್ಟಿಯೇ ಬಿಟ್ಟಿದ್ದ. ಹೊಳೆ ಕೆಂಪಾಗಿ ಏರುತ್ತಿತ್ತು. ಅದನ್ನು ನೋಡುತ್ತ ನಿಂತಿದ್ದಾಗ ದೆರಾಮಾನನಿಗೆ ಹೊಳೆದದ್ದು ಇಷ್ಟು: ಮನುಷ್ಯ ಕದ್ದರೆ ಪೊಲೀಸರಿಗೆ ಹೇಳುತ್ತಾರೆ, ಹೊಳೆ ಕದ್ದರೆ ಯಾರಿಗೂ ಹೇಳುವುದಿಲ್ಲ.

ಕಳ್ಳರು ಕತ್ತಲೆಗೆ ಕಾಯುತ್ತಾರೆ, ಅದಕ್ಕೇ ಸಿಕ್ಕಿಬೀಳುತ್ತಾರೆ ಎಂಬುದು ಅವನ ಸಿದ್ಧಾಂತ. ಅವನು ಆರಿಸಿದ್ದು ಶುಕ್ರವಾರದ ನಡುಹಗಲು. ಗಂಡಸರೆಲ್ಲ ಮಸೀದಿಯಲ್ಲಿದ್ದರು. ಹೆಂಡತಿ ಕಲ್ತೊಮ್ ಮೀನಿನ ಹಪ್ಪಳ ಮಾರಲು ಸಂತೆಗೆ ಹೋಗಿದ್ದಳು. ತನಗೆ ಹೊಟ್ಟೆ ಕೆಟ್ಟಿದೆ ಎಂದು ಅವನು ಬೆಳಿಗ್ಗೆಯೇ ಸಾರಿದ್ದ. ಯಾರೂ ಪರೀಕ್ಷೆಗೆ ಬರದ ಕಾಯಿಲೆ ಅದೊಂದೇ. ಹಗ್ಗವನ್ನು ಕತ್ತರಿಸಲಿಲ್ಲ. ಕತ್ತರಿಸಿದ ಹಗ್ಗಕ್ಕೆ ಬಾಯಿರುತ್ತದೆ. ಮೆಟ್ಟಿಲಿನ ಸಿಮೆಂಟಿನ ಅಂಚಿಗೆ ಹಾಕಿ ಎಳೆ ಎಳೆಯಾಗಿ ಸವೆಸಿದ. ಬೋಟು ಬಿಟ್ಟುಕೊಂಡ ಮೇಲೆ ಸೆಳವು ಕಡಿಮೆಯಿದ್ದ ದಂಡೆಗುಂಟ ಕೋಲೂರುತ್ತ, ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಗೆ ನುಗ್ಗಿಸಿದ. ಅಲ್ಲಿ ಯಾರೋ ಸೀಗಡಿ ಸಾಕಿ ಕೈಸುಟ್ಟುಕೊಂಡು ಬಿಟ್ಟುಹೋದ ತಗಡಿನ ಶೆಡ್ಡಿತ್ತು. ಗಂಡಸರು ಮಸೀದಿಯ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಅವನು ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಮಲಗಿದ್ದ.

ಸಂಜೆ ಎಂಬೊಂಗ್ ಸವೆದ ಹಗ್ಗದ ತುದಿ ಹಿಡಿದು ದಡದಲ್ಲಿ ನಿಂತಿದ್ದ. ಎಲ್ಲರೂ ನೋಡಿದ್ದು ಸಮುದ್ರದ ಕಡೆಗೆ. ಕಾಲುವೆಯ ಕಡೆ ಒಬ್ಬನೂ ತಿರುಗಲಿಲ್ಲ.

"ಮೂರು ಪಾಲು ಹಾಕ್ತಿದ್ವಿ, ಈಗ ಹೊಳೆ ಎಲ್ಲ ಪಾಲೂ ತಾನೇ ತಗೊಂಡ್ತು," ಎಂದ ಎಂಬೊಂಗ್. ನಗಲಿಲ್ಲ. ಕಲ್ತೊಮ್ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. "ಅಪ್ಪನ ಕೈ ಇದ್ದ ಬೋಟು ಕಣ್ರೀ," ಎಂದಳು ಗಂಡನಿಗೆ. ದೆರಾಮಾನ್ ಅವಳ ಬೆನ್ನು ಸವರಿದ. ಹೊಸ ಬೋಟು ಕಂಡಾಗ ಅಳು ನಿಲ್ಲುತ್ತದೆ ಎಂದು ತನಗೆ ತಾನೇ ಹೇಳಿಕೊಂಡ.

ಬಣ್ಣಕ್ಕೆ ಹಣ ಬೇಕು. ಎಂಜಿನ್ ಬಿಟ್ಟರೆ ಅವನಲ್ಲಿ ಬೆಲೆ ಬಾಳುವುದೆಂದರೆ ಪಂಜರದಲ್ಲಿ ಹಾಡುವ ಬೆಳವಕ್ಕಿ ಒಂದೇ. ಅದನ್ನು ಮಾರಿದ. ಊರಿನ ಅಂಗಡಿಗೆ ಹೋಗದೆ ಎರಡು ಬಸ್ಸು ಬದಲಿಸಿ ದೂರದ ಪೇಟೆಯಿಂದ ಸಾಮಾನು ತಂದ. ಬೋಟಿನ ಅಂಗಡಿಯ ಬಣ್ಣ ಕೈಗೆಟುಕಲಿಲ್ಲ. ಕಬ್ಬಿಣದ ಗೇಟಿಗೆ ಹಚ್ಚುವ ಎನಾಮಲ್ ಕೊಂಡ. ಗೇಟಿಗೆ ಮಳೆ ತಡೆಯುವ ಬಣ್ಣ ಬೋಟಿಗೂ ಒಂದೆರಡು ವರ್ಷ ತಡೆಯದೇ ಇರುತ್ತದೆಯೇ? ರೋಲರ್ ಬದಲು ಹಳೆ ಹಾಸಿಗೆಯ ಫೋಮ್ ಕೊಯ್ದು ಕೋಲಿಗೆ ಸುತ್ತಿದ.

ಅಗ್ಗದ ಬಣ್ಣಕ್ಕೆ ದುಬಾರಿ ಶ್ರಮ ಬೇಕು ಎಂದು ಅವನಿಗೆ ಗೊತ್ತಿತ್ತು. ಮೊದಲು ಚಿಪ್ಪು ಕೆತ್ತಿದ. ಪಾತ್ರೆ ತೊಳೆಯುವ ಸೋಪಿನಲ್ಲಿ ಇಡೀ ಮೈ ತೊಳೆದು, ಥಿನ್ನರ್ ಅದ್ದಿದ ಬಟ್ಟೆಯಲ್ಲಿ ಒರೆಸಿದ. ಜಿಡ್ಡು ತೆಗೆಯದೆ ಉಜ್ಜಿದರೆ ಜಿಡ್ಡು ಒಳಕ್ಕಿಳಿದು ಬಣ್ಣ ಹಪ್ಪಳದಂತೆ ಏಳುತ್ತದೆ. ಬಿರುಕಿಗೆ ಅಂಟಿನಂಥ ರೆಸಿನ್‌ನಲ್ಲಿ ಮುಖಕ್ಕೆ ಹಚ್ಚುವ ಪೌಡರ್ ಕಲಸಿ ತುಂಬಿದ. ಕೂರುವ ಹಲಗೆಯನ್ನು ಕಿತ್ತು ಹಿಂದಕ್ಕೆ ಜರುಗಿಸಿದ. ಆಮೇಲೆ ಸ್ಯಾಂಡ್‌ಪೇಪರ್. ತಗಡಿನ ಮೇಲೆ ಮಳೆ ಬಡಿಯುವ ಹೊತ್ತಿಗೇ ಉಜ್ಜುತ್ತಿದ್ದ. ಸದ್ದಿಗೆ ಸದ್ದು ಮುಚ್ಚಿಗೆ.

ಮೂತಿಯ ಮೇಲೆ ಮಾವ ಸ್ವಂತ ಕೈಯಲ್ಲಿ ಬರೆದ ಹೆಸರಿತ್ತು, 'ಮೆಕ್ ಯಾಹ್'. ಅತ್ತೆಯ ಹೆಸರು. ಆ ಅಕ್ಷರಗಳ ಮುಂದೆ ದೆರಾಮಾನನ ಕೈ ನಿಂತಿತು. ಅರ್ಧ ಉಜ್ಜಿ, ಕಾಗದ ಕೆಳಗಿಟ್ಟು, ಹೊಟ್ಟೆನೋವು ನಿಜವಾಗಿಯೂ ಬಂದವನಂತೆ ಮನೆಗೆ ಹೋದ. ಉಳಿದರ್ಧಕ್ಕೆ ಧೈರ್ಯ ಬರಲು ಕೆಲವು ದಿನ ಹಿಡಿಯಿತು; ನಡುವೆ ಮುಗಿದ ಸ್ಯಾಂಡ್‌ಪೇಪರ್ ತರಲು ಇನ್ನೊಮ್ಮೆ ಬಸ್ಸು ಹತ್ತಿದ.

ಉಜ್ಜಿದ ಫೈಬರಿನ ಧೂಳು ಗಾಜಿನ ಎಳೆಯಂತೆ ಚರ್ಮಕ್ಕೆ ಹೊಕ್ಕಿತು. ತಣ್ಣೀರು ಸುರಿದುಕೊಂಡ, ಕೊಬ್ಬರಿ ಎಣ್ಣೆ ಹಚ್ಚಿದ; ತೋಳು, ಕುತ್ತಿಗೆ ಉರಿಯುತ್ತಲೇ ಇದ್ದವು. ಇದು ಬಯಲಾದೀತೇ ಎಂದು ಒಮ್ಮೆ ಅಳುಕಿದ. ಆದರೆ ಕಾಫಿ ಅಂಗಡಿಗೆ ಹೋಗಿ ನೋಡಿದರೆ ಊರಿಗೆ ಊರೇ ಕೆರೆದುಕೊಳ್ಳುತ್ತಿತ್ತು. ಬೋಟು ಉಜ್ಜುವ ಕಾಲ ತಾನೇ. ಕೆರೆಯುವವರ ಮಧ್ಯೆ ಇನ್ನೊಬ್ಬ ಕೆರೆದರೆ ಯಾರು ಎಣಿಸುತ್ತಾರೆ? ಅಡಗಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಅವನಿಗೆ ಸಮಾಧಾನವಾಯಿತು.

ಎಂಬೊಂಗನಿಗಂತೂ ಅದು ಸುಗ್ಗಿ. ಟ್ರೇ ಹಿಡಿದೇ ಒಬ್ಬೊಬ್ಬರ ತುರಿಕೆಯನ್ನೂ ಆಡಿ ತೋರಿಸಿದ. ಜುಸೋ ಮಾಮ ಕಂಬಕ್ಕೆ ಬೆನ್ನು ತಿಕ್ಕುವ ಎಮ್ಮೆ. ಮಾಮತ್ ತಂತಿವಾದ್ಯ ನುಡಿಸುವವನಂತೆ ಹೊಟ್ಟೆಯ ಮೇಲೆ ಬೆರಳಾಡಿಸುವವನು.

"ಅಳಿಯ ಸಾಹೇಬ್ರದ್ದು ಮರ್ಯಾದಸ್ಥರ ತುರಿಕೆ," ಎಂದು ತೋಳಿನೊಳಗೆ ಎರಡು ಬೆರಳು ತೂರಿಸಿ, ಮುಖವನ್ನು ಕಲ್ಲು ಮಾಡಿಕೊಂಡು ಕೆರೆದ. "ಕೆರೆಯೋದು ಕೈಗೆ ಗೊತ್ತು, ಮುಖಕ್ಕೆ ಗೊತ್ತಿಲ್ಲ!"

ಅಂಗಡಿ ಬಿದ್ದು ಬಿದ್ದು ನಕ್ಕಿತು. ಮೊದಲ ಸಲ ದೆರಾಮಾನನೂ ಮನಸಾರೆ ನಕ್ಕ. ಅಂದು ಎಂಬೊಂಗ್ ಅವನಿಂದ ಕಾಫಿಯ ಕಾಸು ತೆಗೆದುಕೊಳ್ಳಲಿಲ್ಲ. ಬೋಟು ಹೋಗಿ ಕೆಲಸ ಕಳೆದುಕೊಂಡವನ ಮೇಲೆ ಕನಿಕರ ಎಂದುಕೊಂಡ ದೆರಾಮಾನ್. ಕನಿಕರ ಅಲ್ಲಿಗೇ ನಿಲ್ಲಲಿಲ್ಲ. ಮರುವಾರದಿಂದ ಬಾಳೆಲೆಯಲ್ಲಿ ಅನ್ನ, ಮೀನಿನ ಸಾರು ಕಟ್ಟಿ ಕೊಡತೊಡಗಿದ.

"ದಿನಾ ಕಾಂಡ್ಲಾ ಕಡೆ ಹೋಗ್ತೀರಂತೆ?"

"ಏಡಿ ಸಿಗುತ್ತೇನೋ ಅಂತ, ಭಾವ."

"ಸಿಕ್ವಾ?"

"ಇಲ್ಲ."

"ಬಿಡಬೇಡಿ. ಕೈಗೆತ್ಕೊಂಡ ಕೆಲಸ ಅರ್ಧಕ್ಕೆ ನಿಲ್ಲಿಸಬಾರ್ದು. ನಾಳೆ ನಾಳಿದ್ದು ಬಿಸಿಲು ಅಂತ ರೇಡಿಯೊದಲ್ಲಿ ಹೇಳಿದ್ರು. ಏಡಿಗೆ ಬಿಸಿಲು ಒಳ್ಳೇದು."

ಬಿಸಿಲು ಒಳ್ಳೆಯದಾಗಿದ್ದು ಬಣ್ಣಕ್ಕೆ. ಆ ದಿನಗಳಲ್ಲೇ ಪ್ರೈಮರ್ ಒಣಗಿತು, ಅದರ ಮೇಲೆ ಹಸಿರು ಮೊದಲ ಕೋಟು, ನಯವಾಗಿ ಉಜ್ಜಿ ಎರಡನೆಯದು. ಫೋಮಿನಿಂದ ಬಳಿದ ಬೆನ್ನಿಗೇ ಒಣಬ್ರಶ್ಶಿನ ತುದಿಯನ್ನು ಗರಿಯಂತೆ ಎಳೆಯುತ್ತಿದ್ದ, ಗುಳ್ಳೆ ಏಳದ ಹಾಗೆ. ಅಂಚಿಗೆ ಟೇಪು ಅಂಟಿಸಿ ಹಳದಿ ಪಟ್ಟಿ ಹೊಡೆದ. ಟೇಪು ಕಿತ್ತಾಗ ಗೆರೆ ಕೂದಲಷ್ಟೂ ಕದಲಿರಲಿಲ್ಲ. ದೆರಾಮಾನ್ ಹಿಂದೆ ಸರಿದು ನೋಡಿದ. ಇಷ್ಟು ಚಂದದ್ದನ್ನು ಅವನು ಜನ್ಮದಲ್ಲಿ ಮಾಡಿರಲಿಲ್ಲ; ಯಾರಿಗೂ ಹೇಳುವಂತಿರಲಿಲ್ಲ. ಆ ಸಂಕಟ ತುರಿಕೆಗಿಂತ ಹೆಚ್ಚಾಯಿತು.

ಗಾಳಿ ತಣಿದು ಮತ್ತೆ ಮೀನಿನ ಕಾಲ ಬಂತು. ಬೆಳವಕ್ಕಿ ಮಾರಿದ ಹಣಕ್ಕೆ ಉತ್ತರದ ಬೆಸುತ್ ಊರಲ್ಲಿ ಬೋಟು ಸಿಕ್ಕಿದೆ, ಎಂಜಿನ್ ಒಯ್ದು ಕಟ್ಟಿಕೊಂಡು ಬರುತ್ತೇನೆ ಎಂದು ಕಲ್ತೊಮಳಿಗೆ ಹೇಳಿ ಹೊರಟ. ಕಾಲುವೆಯಿಂದ ನೇರ ಊರಿಗೆ ಬರುವಷ್ಟು ದಡ್ಡನಲ್ಲ ಅವನು. ನಸುಕಿನಲ್ಲಿ ಸಮುದ್ರಕ್ಕಿಳಿದು, ಉತ್ತರಕ್ಕೆ ಸುತ್ತು ಹೊಡೆದು, ಬಿಸಿಲೇರಿದ ಮೇಲೆ ಹೊರಗಿನವನಂತೆ ಹೊಳೆಬಾಯಿಯೊಳಗೆ ಬಂದ. ಕಾಫಿ ಅಂಗಡಿ ಲೋಟಗಳ ಸಮೇತ ದಡಕ್ಕೆ ಬಂದು ನಿಂತಿತು.

ಎಂಬೊಂಗ್ ಮೊಣಕಾಲುದ್ದ ನೀರಿಗಿಳಿದು ಬೋಟಿನ ಪಕ್ಕೆಯ ಮೇಲೆ ಕೈಯಾಡಿಸಿದ. "ಎಲ್ಲಿಂದ, ಅಳಿಯ ಸಾಹೇಬ್ರೆ?"

"ಬೆಸುತ್ ಕಡೆ ಭಾವ. ಒಬ್ಬ ಮುದುಕ. ಮಗಳ ಮನೇಲಿ ಇರ್ತೀನಿ, ಬೋಟು ಬೇಡ ಅಂದ."

"ಬಣ್ಣ ಹಚ್ಚಿದ್ದೂ ಅವನೇನಾ?"

"ಅವನೇ ಇರಬೇಕು."

"ಆ ಕೈಗೆ ಚಿನ್ನದ ಬಳೆ ಹಾಕ್ಬೇಕು ಕಣ್ರೋ! ಒಂದು ಬ್ರಶ್ ಗೆರೆ ಇಲ್ಲ. ಜುಸೋ ಮಾಮ, ನೀನೂ ಹಚ್ಚಿದ್ದೀಯ ನಿನ್ನ ಬೋಟಿಗೆ, ನಾಯಿ ನೆಕ್ಕಿದ ಹಾಗೆ." ದೆರಾಮಾನನ ಎದೆ ತನಗರಿವಿಲ್ಲದೆ ಉಬ್ಬಿತು. ಎಂಬೊಂಗ್ ಮೂತಿಯ ಬಳಿ ಬೆರಳಿಟ್ಟ. "ಇಲ್ಲಿ ಬಿರುಕಿತ್ತಲ್ಲ, ಅದರ ಸುಳಿವೂ ಇಲ್ಲ."

"ಪೌಡರ್ ಕಲಸಿ ತುಂಬಿದ್ರೆ ಹಾಗೇ ಕೂರುತ್ತೆ ಭಾ..." ಎಂದು ದೆರಾಮಾನ್ ನಾಲಿಗೆ ಕಚ್ಚಿಕೊಂಡ. "ಅಂತ ಆ ಮುದುಕ ಹೇಳ್ದ."

ಎಂಬೊಂಗ್ ಜೇಬಿನಿಂದ ಫೋನ್ ತೆಗೆದು, ಚಿತ್ರವೊಂದನ್ನು ಹುಡುಕಿ, ಅವನ ಮೂಗಿನ ಕೆಳಗೆ ಹಿಡಿದ. ತಗಡಿನ ಶೆಡ್ಡು. ಅರ್ಧ ಉಜ್ಜಿದ ನೀಲಿ ಮೂತಿ. 'ಮೆಕ್' ಅಷ್ಟೇ ಉಳಿದಿತ್ತು.

"ನೀವು ಎರಡನೇ ಸಲ ಸಾಮಾನು ತರೋಕೆ ಬಸ್ ಹತ್ತಿದ ದಿನ ತೆಗೆದದ್ದು. ಅವತ್ತೇ ಕತ್ತಿನ ಪಟ್ಟಿ ಹಿಡೀಬೇಕು ಅಂತ ರಕ್ತ ಕುದೀತು. ಆಮೇಲೆ ನೋಡ್ದೆ, ಎಷ್ಟು ನೀಟಾಗಿ ಕೆಲಸ ಮಾಡ್ತಿದಾರೆ ಪಾಪ, ಮುಗಿಸ್ಲಿ ಅಂದ್ಕೊಂಡೆ." ಹಗ್ಗವನ್ನು ದೆರಾಮಾನನ ಕೈಯಿಂದ ಬಿಡಿಸಿ ತನ್ನ ಮುಂಗೈಗೆ ಸುತ್ತಿಕೊಂಡ. "ಬೋಟಿಗೆ ಪಾಲುಂಟು, ಎಂಜಿನಿಗೆ ಪಾಲುಂಟು, ಕೈಗೂ ಉಂಟು. ಬಣ್ಣಕ್ಕೆ ಪಾಲಿಲ್ಲ, ಅಳಿಯ ಸಾಹೇಬ್ರೆ."

ದಡದ ಮೇಲೆ ಕಲ್ತೊಮ್ ಬಂದು ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಗಂಡನನ್ನಲ್ಲ, ಹೆಸರಿಲ್ಲದ ಹಸಿರು ಮೂತಿಯನ್ನು. ಹಗ್ಗ, ಶುಕ್ರವಾರ, ದೂರದ ಪೇಟೆ, ಮಳೆಯ ಸದ್ದು, ಎಲ್ಲವನ್ನೂ ದೆರಾಮಾನ್ ಒಂದೊಂದಾಗಿ ತಿರುವಿ ನೋಡಿದ. ಎಲ್ಲೂ ತೂತು ಕಾಣಲಿಲ್ಲ.

"ಹೇಗೆ ಗೊತ್ತಾಯ್ತು, ಭಾವ?" ಎಂದ ಸಣ್ಣ ದನಿಯಲ್ಲಿ.

"ಊರೆಲ್ಲ ಕೆರ್ಕೊಳ್ತಿತ್ತು, ನಿಜ," ಎಂದ ಎಂಬೊಂಗ್. "ಜುಸೋ ಮಾಮಂಗೆ ಬೋಟಿದೆ, ಉಜ್ಜಿದ, ಕೆರ್ಕೊಂಡ. ಮಾಮತ್‌ಗೆ ಬೋಟಿದೆ, ಉಜ್ಜಿದ, ಕೆರ್ಕೊಂಡ. ನನ್ನ ಬೋಟು ಹೊಳೆ ಪಾಲು, ನನ್ನ ತೋಳು ನೋಡಿ, ಮದುಮಗಳ ಕೆನ್ನೆ ಇದ್ದಂಗಿದೆ! ನಿಮ್ಮನ್ನ ಅಣಕಿಸಿ ಒಳಗೆ ಹೋದೆ, ಲೋಟ ತೊಳೀತಾ ಇದ್ದಾಗ ತಲೆಗೆ ಬಂತು. ಒಬ್ಬೊಬ್ಬರನ್ನೂ ಕೇ... ಕೇಳ್ದೆ, ಯಾರ ಬೋಟಿಗೂ ನೀವು ಕೈ ಹಾಕಿಲ್ಲ. ಬೋಟೇ ಇಲ್ಲದವರು, ಅಳಿಯ ಸಾಹೇಬ್ರೆ, ಏನನ್ನ ಉಜ್ಜಿ ಕೆರ್ಕೊಳ್ತಿದ್ರಿ?" ಕೊನೆಯ ಮಾತು ಅವನ ನಗೆಯಲ್ಲಿ ಅರ್ಧ ಮುಳುಗಿಯೇ ಹೊರಬಿತ್ತು. ದಡ ಗೊಳ್ಳೆಂದಿತು, ಆದರೆ ಬೋಟು ಕಳಕೊಂಡು, ಬಣ್ಣ ಬಳಿಸಿಕೊಂಡು ವಾಪಸು ಪಡೆದವನ ನಗೆ ಅದೆಲ್ಲವನ್ನೂ ಮೀರಿಸಿತು. ಎಂಬೊಂಗ್ ಬೋಟಿನ ಅಂಚು ಹಿಡಿದು, ಹಿಡಿತ ತಪ್ಪಿ, ನೀರಲ್ಲೇ ಕುಕ್ಕರಿಸಿ, ಎದೆಯವರೆಗೆ ನೆನೆದು ನಗುತ್ತಲೇ ಇದ್ದ.