ಸಲಹೆ ಕೊಡುವಂತಿಲ್ಲ

ಮೊದಲ ದಿನವೇ ಅವನು ನನ್ನ ಕುರ್ಚಿಯಲ್ಲಿ ಕೂತಿದ್ದ.

"ಅದು ನನ್ನ ಜಾಗ," ಅಂದೆ.

"ಹೆಸರು ಬರೆದಿಲ್ವಲ್ಲ," ಎನ್ನುತ್ತಾ ನಿಧಾನವಾಗಿ ಎದ್ದ. ಎಲ್ಲವನ್ನೂ ನಿಧಾನವಾಗಿಯೇ ಮಾಡುವವನು. ಫಸ್ಟ್ ಇಯರ್ ಮಕ್ಕಳು ಅವನಿಗೆ ನಿಧಾನಣ್ಣ ಎಂದೇ ಹೆಸರಿಟ್ಟರು. ನಾನು ಬರೀ ಅಕ್ಕ.

ಎಂಜಿನಿಯರಿಂಗಿಗೆ ಹೊಸದಾಗಿ ಸೇರಿ ಕಂಗಾಲಾದ ಮಕ್ಕಳನ್ನು ಗುಂಪು ಮಾಡಿ ಸೀನಿಯರುಗಳಿಗೆ ಒಪ್ಪಿಸುವುದು ನಮ್ಮ ಕಾಲೇಜಿನ ಪದ್ಧತಿ. ವಾರಕ್ಕೊಮ್ಮೆ ವರ್ಕ್‌ಶಾಪಿನ ಮೇಲಿನ ಕೋಣೆಯಲ್ಲಿ ದುಂಡಗೆ ಕೂರುತ್ತಿದ್ದೆವು. ಆ ವಾರ ತನ್ನಿಂದ ಆಗದ್ದೇನು ಎಂದು ಪ್ರತಿಯೊಬ್ಬರೂ ಹೇಳಬೇಕು. ಯಾರೂ ಸಲಹೆ ಕೊಡುವಂತಿಲ್ಲ. ತನಗೂ ಹಾಗೇ ಆಗಿದ್ದರೆ ಕೈ ಎತ್ತಿ "ನನಗೂ" ಅನ್ನಬೇಕು, ಅಷ್ಟೇ. ನಿಯಮ ಮಾಡಿದವಳು ನಾನೇ. ಉಪದೇಶ ಕೇಳಿ ಕೇಳಿ ನನಗೆ ಸಾಕಾಗಿತ್ತು.

ನನ್ನ ಗುಂಪಿಗೆ ಇದ್ದಕ್ಕಿದ್ದಂತೆ ಇನ್ನೊಬ್ಬ ಮೆಂಟರ್ ಯಾಕೆ? ಹಿಂದಿನ ವಾರ ಮಕ್ಕಳೆದುರೇ ತೂಕಡಿಸಿದ್ದೆ. ನನ್ನ ಮೇಲೆ ಕಣ್ಣಿಡಲು, ಗುಂಪುಗಳನ್ನು ನೋಡಿಕೊಳ್ಳುವ ಮೇಡಮ್ ಕಳಿಸಿರಬೇಕು, ಇನ್ನೇನು. ಸೆಮಿಸ್ಟರ್ ಪೂರ್ತಿ ಅವನಿಗೆ ಮುಖ ಕೊಟ್ಟು ಮಾತಾಡಲಿಲ್ಲ. ಅವನೋ, ಕದ್ದು ನನ್ನನ್ನು ನೋಡುವುದು, ನಾನು ತಿರುಗಿದರೆ ಫ್ಯಾನ್ ನೋಡುವುದು. ಅದು ಕೆಟ್ಟು ಎಷ್ಟೋ ಕಾಲವಾಗಿತ್ತು. ಒಂದು ವಾರ ಅವನು ಜ್ವರದಲ್ಲಿ ಮಲಗಿದಾಗ ಆ ಫ್ಯಾನನ್ನು ನಾನೇ ನೋಡುತ್ತಾ ಕೂತಿದ್ದೆ.

ಗುಂಪಿನ ಕೊನೆಯ ಭೇಟಿಯ ದಿನ ಬೆಳಿಗ್ಗೆ ಥರ್ಮೋಡೈನಮಿಕ್ಸ್ ರಿಸಲ್ಟ್ ಬಂತು. ಮತ್ತೆ ಫೇಲು. ಅಮ್ಮನಿಗೆ ಫೋನ್ ಮಾಡಿ, "ನಾಳೆ ಬಂದ್ಬಿಡ್ತೀನಮ್ಮ. ಓದು ಸಾಕು," ಅಂದೆ.

"ಬಾ ಮಗಳೇ," ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಸಂಜೆ ಒಬ್ಬ ಹುಡುಗಿ, "ಡ್ರಾಯಿಂಗ್ ಶೀಟ್ ಈ ವಾರಾನೂ ವಾಪಸ್ ಬಂತು," ಅಂದಾಗ ಕೋಣೆಯ ತುಂಬ ಕೈಗಳೆದ್ದವು. ಹೊರಡುವಾಗ ಅವಳೇ, "ಮುಂದಿನ ಸೆಮಿಸ್ಟರೂ ನೀವೇ ಇರ್ಬೇಕು ಅಕ್ಕ," ಅಂದಳು. ಹೂಂ ಅಂದೆ.

ಎಲ್ಲರೂ ಹೋದರು. ನಾವಿಬ್ಬರೂ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದೆವು.

"ಹೂಂ ಅಂದಿದ್ದು ಸುಳ್ಳು ತಾನೇ?" ಅಂದ.

"ಹೋಗಿ ನಿಮ್ ಮೇಡಮ್‌ಗೆ ಹೇಳು. ಥರ್ಮೋದಲ್ಲಿ ಮತ್ತೆ ಫೇಲು. ಕೋರ್ಸ್ ಬಿಡ್ತಿದೀನಿ."

ಅವನು ಕೈ ಎತ್ತಿದ. "ನನಗೂ. ಎರಡು ಸಲ. ಆಮೇಲೆ ಪಾಸಾದೆ, ಹೆಸರಿಗೆ ತಕ್ಕ ಹಾಗೆ."

ನಗು ಬಂತು, ಹಿಂದೆಯೇ ಅಳುವೂ ಬಂತು.

"ಇನ್ನೊಂದು. ಮೇಡಮ್ ನನ್ನ ಕಳಿಸಿದ್ದಲ್ಲ. ನಾನೇ ಗೋಗರೆದು ಈ ಗುಂಪಿಗೆ ಬಂದೆ."

"ಯಾಕೆ?"

ಅವನು ಫ್ಯಾನ್ ನೋಡಿದ. "ಸಲಹೆ ಕೊಡೋ ಹಾಗಿಲ್ಲ, ಅಲ್ವಾ?"

"ಇಲ್ಲ."

"ಹಾಗಾದ್ರೆ ನನ್ನ ಕೈಲಿ ಆಗದ್ದು ಹೇಳ್ತೀನಿ. ಇಡೀ ಸೆಮಿಸ್ಟರ್ ನಿನ್ನ ಪಕ್ಕ ಕೂತಿದ್ರೂ, ನೀನಂದ್ರೆ ಇಷ್ಟ ಅಂತ ಹೇಳೋಕಾಗ್ಲಿಲ್ಲ."

ನನ್ನ ಕೈ ಭುಜದವರೆಗೆ ಮಾತ್ರ ಎದ್ದಿತು.

"ನನಗೂ," ಅಂದೆ.

ಅವನು ಪೇರಿಸಿದ್ದರಲ್ಲಿ ಎರಡು ಕುರ್ಚಿ ಕೆಳಗಿಳಿಸಿದ. ನಾನು ಲೈಬ್ರರಿಗೆ ವಾಪಸ್ ಕೊಡಲು ತಂದಿದ್ದ ಥರ್ಮೋ ಪುಸ್ತಕವನ್ನು ಚೀಲದಿಂದ ತೆಗೆದು ಅವನ ಕೈಗಿಟ್ಟು, ಅಮ್ಮನಿಗೆ ಫೋನ್ ಮಾಡಿದೆ.

"ನಾಳೆ ಬರಲ್ಲಮ್ಮ."

"ಯಾಕೇ, ಏನಾಯ್ತು?"

"ಓದೋದಿದೆ. ಹೇಳಿಕೊಡೋನು ಸ್ವಲ್ಪ ನಿಧಾನ."