ಬ್ರೂನಪ್ಪನ ಕೊರಳ ಗಂಟೆ

"ಡ್ಯೂಟಿ ಮೇಲಿರೋ ನಾಯಿಗೆ ಲಂಚ ಕೊಡಬೇಡಿ."

ಅರಸೀಕೆರೆ ಬಸ್ ನಿಲ್ದಾಣದಲ್ಲಿ ಬಿಂದುಶ್ರೀ ಹೀಗಂದಾಗ ಪಕ್ಕದಲ್ಲಿ ನಿಂತಿದ್ದ ಸಂತುವಿನ ಕೈ ಅರ್ಧದಲ್ಲೇ ನಿಂತಿತು.

"ಲಂಚ ಅಲ್ಲ ಮೇಡಂ, ಕೋಡುಬಳೆ."

"ಬೆಲ್ಟ್ ಹಾಕಿದ್ದಾಗ ಎರಡೂ ಒಂದೇ."

ಬಿಂದುಶ್ರೀಗೆ ಹುಟ್ಟಿನಿಂದ ಕಣ್ಣು ಕಾಣದು. ಆದರೆ ಕೋಡುಬಳೆ ಮುರಿದ ಸದ್ದು, ಬ್ರೂನೋನ ಬಾಲ ತನ್ನ ಕಾಲಿಗೆ ಬಡಿದ ರಭಸ... ಇಷ್ಟು ಸಾಕ್ಷಿ ಅವಳಿಗೆ ಧಾರಾಳವಾಯಿತು. ಅವಳು ಜಾವಗಲ್‌ನ ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕಿ. ಬೆನ್ನಿಗೆ ಹಿಡಿಯಿರುವ ಬೆಲ್ಟು ಕಟ್ಟಿಕೊಂಡು ಅವಳಿಗೆ ದಾರಿ ತೋರುವ ಬ್ರೂನೋ ಆ ಕಾಲೇಜಿನ ಇತಿಹಾಸದ ತರಗತಿಯಲ್ಲಿ ರಾಜಾರೋಷವಾಗಿ ನಿದ್ದೆ ಮಾಡಬಹುದಾದ ಏಕೈಕ ಜೀವಿ.

ಬಸ್ಸು ಬಂತು. ಬ್ರೂನೋ ಮುಂಗಾಲು ಮೆಟ್ಟಿಲ ಮೇಲಿಟ್ಟ. ಹಿಂಗಾಲು ಏಳಲಿಲ್ಲ. ಇನ್ನೊಮ್ಮೆ ಪ್ರಯತ್ನಿಸಿದ. ಹಿಂದಿದ್ದವರು ಗೊಣಗತೊಡಗಿದರು.

"ಎತ್ತಲಾ ಮೇಡಂ?" ಪಕ್ಕದಿಂದ ಅದೇ ದನಿ. "ಇದಕ್ಕೆ ನಾನೂ ಲಂಚ ತಗಳಲ್ಲ."

ಕನಿಕರದ ವಾಸನೆಯನ್ನು ಮಾರು ದೂರದಿಂದಲೇ ಹಿಡಿಯಬಲ್ಲ ಬಿಂದುಶ್ರೀಗೆ ಆ ದನಿಯಲ್ಲಿ ಅದು ಸಿಗಲಿಲ್ಲ. ಅವಳು ತಲೆಯಾಡಿಸಿದಳು. ಅಷ್ಟು ದೊಡ್ಡ ನಾಯಿಯನ್ನು ಅವನು ಕರುವಿನಂತೆ ಎತ್ತಿ ಒಳಗಿಟ್ಟ.

ಬಸ್ಸು ಹೊರಟ ಮೇಲೆ ಅವಳು ಕಿಟಕಿಯ ಕಡೆ ಮುಖ ತಿರುಗಿಸಿ ಸದ್ದಿಲ್ಲದೆ ಅತ್ತಳು. ಬ್ರೂನೋನ ಸೊಂಟ ಸೋತಿದೆಯೆಂದು ಅವಳಿಗೆ ಗೊತ್ತಿತ್ತು. ಈಗ ಅದು ಇಡೀ ಬಸ್ ನಿಲ್ದಾಣಕ್ಕೆ ಗೊತ್ತಾಯಿತು, ಅಷ್ಟೇ.

ಬ್ರೂನೋನಿಗೆ ತರಬೇತಿ ನೀಡಿ ಕೊಟ್ಟಿದ್ದ ಬೆಂಗಳೂರಿನ ಕೇಂದ್ರದವರು ಹೇಳಿದ್ದು ಸರಳವಾಗಿತ್ತು. ಅವನಿಗೆ ನಿವೃತ್ತಿ. ಅವಳಿಗೆ ಬೇರೆ ನಾಯಿ ಬರುತ್ತದೆ. ಮಹಡಿ ಮೇಲಿನ ಬಾಡಿಗೆ ಮನೆಯ ಮೆಟ್ಟಿಲು ಅವನಿಂದ ಆಗದು, ಹಾಗಾಗಿ ಒಳ್ಳೆಯ ಮನೆ ಹುಡುಕಬೇಕು. ಹೊಸ ಮನೆಯಲ್ಲಿ ಒಂದು ತಿಂಗಳು ಬಿಟ್ಟು ನೋಡುವುದು. ಅವಳು ಒಪ್ಪದಿದ್ದರೆ ನಾಯಿ ಕೇಂದ್ರಕ್ಕೇ ವಾಪಸ್.

ಅವಳ ಷರತ್ತು ಒಂದೇ: ಅವನು ಇನ್ನು ಯಾವ ಕೆಲಸವನ್ನೂ ಮಾಡಕೂಡದು. ತೆಂಗಿನ ತೋಟ ಕಾಯಲು ನಾಯಿ ಬೇಕೆಂದು ಬಂದ ದೇವೀರಪ್ಪನವರಿಗೆ ಅವಳು ಒಳ್ಳೆಯ ಬೇಲಿ ಹಾಕಿಸಿಕೊಳ್ಳಿ ಎಂದು ಸಲಹೆ ಕೊಟ್ಟು ಕಳಿಸಿದಳು.

ಆಮೇಲೆ ಕೇಳಿದವನು ಸಂತು. ಮಾದಿಹಳ್ಳಿಯವನು, ಹಸು ಕಟ್ಟಿ ಡೈರಿಗೆ ಹಾಲು ಹಾಕುವವನು. ಬಸ್ ನಿಲ್ದಾಣದ ಆ ದಿನದಿಂದ ಅವನಿಗೆ ಅರಸೀಕೆರೆಯಲ್ಲಿ ಹಿಂಡಿ ಕೊಳ್ಳುವ ಕೆಲಸ ಎಷ್ಟು ಹೆಚ್ಚಿತ್ತೆಂದರೆ, ಅಷ್ಟನ್ನೂ ತಿಂದಿದ್ದರೆ ಅವನ ಹಸುಗಳು ಕೊಟ್ಟಿಗೆಯ ಬಾಗಿಲಲ್ಲಿ ಹಿಡಿಸುತ್ತಿರಲಿಲ್ಲ.

"ಏನು ಕೆಲಸ ಮಾಡಿಸ್ತೀರಿ ಅವನ ಹತ್ರ?" ಎಂದಳು.

"ಗೊರಕೆ ಹೊಡೆಸ್ತೀನಿ."

ಅವಳು ತನ್ನ ಕೈಯಾರೆ ಬೆಲ್ಟು ಬಿಚ್ಚಿ ಬ್ರೂನೋನನ್ನು ಕಳಿಸಿದಳು. ಸಂತು ಮಾತಿಗೆ ತಪ್ಪಲಿಲ್ಲ. ದಿನಾ ಸಂಜೆ ಫೋನ್ ಮಾಡಿ ನಾಯಿಯ ಮೂಗಿನ ಬಳಿ ಹಿಡಿಯುತ್ತಿದ್ದ. ಗೊರಕೆ ಕೇಳಿ ಮುಗಿದ ಮೇಲೂ ಫೋನ್ ಇಡುವ ಮನಸ್ಸು ಇಬ್ಬರಿಗೂ ಬರುತ್ತಿರಲಿಲ್ಲ. ಅವನ ತಾಯಿ ಕೆಂಪಲಕ್ಷ್ಮಮ್ಮ ನಾಯಿಯ ಹೆಸರನ್ನು ಬ್ರೂನಪ್ಪ ಎಂದು ತಿದ್ದಿ, ಅವನಿಗೆ ಬಹುವಚನವನ್ನೂ ಕೊಟ್ಟಿದ್ದರು. ಮಗನಿಗೆ ಆ ಭಾಗ್ಯ ಇರಲಿಲ್ಲ.

*ಇದು ನಾಯಿಗಾಗಿ ಮಾಡುವ ಫೋನಾ...?* ಬಿಂದುಶ್ರೀ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿದ್ದೂ ಕೇಳುವುದು ಮೇಷ್ಟ್ರುಗಳ ಅಭ್ಯಾಸ.

ತಿಂಗಳು ತುಂಬುವ ಮೊದಲೇ ಒಂದು ಭಾನುವಾರ, ಹೇಳದೆ ಕೇಳದೆ, ಸಹೋದ್ಯೋಗಿ ಲತಾಮಣಿಯ ಕಾರಿನಲ್ಲಿ ಮಾದಿಹಳ್ಳಿಗೆ ಬಂದಳು.

ಕಾರಿನಿಂದ ಇಳಿದಾಗ ಹಸುಗಳ ಹಿಂಡು ಮೇದು ಮನೆಗೆ ಬರುತ್ತಿತ್ತು. ಗೊರಸಿನ ಸದ್ದು, ಗಂಟೆಗಳ ಸದ್ದು, ಹಿಂದಿನಿಂದ ಹಸುಗಳನ್ನು ಅಟ್ಟುವ ಸಂತುವಿನ ದನಿ. ಅವುಗಳ ನಡುವಿನಿಂದ ಒಂದು ಗಂಟೆ ಕುಂಟುತ್ತಾ ಓಡಿ ಬಂದು ಅವಳ ಮಡಿಲಿಗೆ ಮೂತಿ ತೂರಿಸಿತು. ಬ್ರೂನೋ! ತಬ್ಬಿಕೊಂಡ ಅವಳ ಬೆರಳು ಅವನ ಕೊರಳ ಗಂಟೆಗೆ ತಾಗಿ ಅಲ್ಲೇ ನಿಂತಿತು.

ಈ ಸೀಮೆಯಲ್ಲಿ ಕೊರಳಿಗೆ ಗಂಟೆ ಕಟ್ಟಿದರೆ ಅರ್ಥ ಒಂದೇ. ಅದು ಹಿಂಡಿನ ಜೊತೆ ಹೋಗುವ ಪ್ರಾಣಿ.

"ದನ ಕಾಯೋಕೆ ಹಾಕಿದ್ದೀರಾ ಇವನನ್ನ?" ಅವಳು ಗಂಟೆಯನ್ನು ಮುಷ್ಟಿಯಲ್ಲಿ ಹಿಡಿದಳು. "ಇಷ್ಟು ವರ್ಷ ನನಗಾಗಿ ದುಡಿದ. ಕೂತು ತಿನ್ನಲಿ ಅಂತ ನಿಮ್ಮನ್ನ ನಂಬಿದ್ದೆ."

ಎದುರಿಗೆ ಬಂದ ಸಂತು ಟವಲಿನಿಂದ ಮುಖ ಒರೆಸಿಕೊಂಡ. ಗಂಟೆ ಯಾಕೆಂದು ಹೇಳಬೇಕಾದರೆ ಉಳಿದಿದ್ದನ್ನೂ ಹೇಳಬೇಕಿತ್ತು. ಮೇಡಂ ಸಿಟ್ಟಿನಲ್ಲಿರುವಾಗ ಮನಸ್ಸು ಬಿಚ್ಚುವಷ್ಟು ಧೈರ್ಯ ಅವನಿಗೆ ಎಂದೂ ಇರಲಿಲ್ಲ.

"ನಿಮ್ಮ ನಾಯಿ. ಕರ್ಕಂಡೋಗಿ ಮೇಡಂ," ಎಂದು ಹೇಳಿ ಹುಲ್ಲಿನ ಮೆದೆಯ ಕಡೆ ನಡೆದುಬಿಟ್ಟ.

ಅವಳು ಚೀಲದಿಂದ ಹಳೆಯ ಬೆಲ್ಟು ತೆಗೆದಳು. ಬ್ರೂನೋ ಅಭ್ಯಾಸದಂತೆ ಬೆನ್ನೊಡ್ಡಿ ನಿಂತ. ಆ ವಿಧೇಯತೆ ಅವಳ ಕರುಳು ಹಿಂಡಿತು.

"ಬ್ರೂನೋ, ಮುಂದೆ."

ಬ್ರೂನೋ ಅವಳ ಕಾಲಿಗೆ ಅಡ್ಡ ಬಂದು ಕೂತ.

ದಾರಿ ತೋರುವ ನಾಯಿಗೆ ಎಲ್ಲಕ್ಕಿಂತ ಕೊನೆಗೆ ಕಲಿಸುವ ಪಾಠ ಇದು: ಮುಂದೆ ಅಪಾಯವಿದ್ದರೆ ಯಜಮಾನರ ಮಾತನ್ನೂ ಕೇಳಬಾರದು. ಮುಚ್ಚಳವಿಲ್ಲದ ಚರಂಡಿಯ ಮುಂದೆ, ಹಿಮ್ಮುಖವಾಗಿ ಬರುತ್ತಿದ್ದ ಲಾರಿಯ ಮುಂದೆ ಅವನು ಹೀಗೆ ಅಡ್ಡ ಕೂತಿದ್ದುಂಟು. ಸುಮ್ಮಸುಮ್ಮನೆ ಎಂದೂ ಕೂತವನಲ್ಲ.

"ಲತಾ, ಮುಂದೆ ಏನಿದೆ?"

"ಏನೂ ಇಲ್ಲ. ಕಾರಿದೆ, ಬಾಗಿಲು ತೆಗೆದಿದೆ."

"ಹಳ್ಳ ಗಿಳ್ಳ?"

"ನೀನೀಗ ತೋಡ್ತಿರೋದು ಬಿಟ್ರೆ ಬೇರೆ ಹಳ್ಳ ಕಾಣಿಸ್ತಿಲ್ಲ ಕಣೇ."

ಜಗಲಿಯಿಂದ ಕೆಂಪಲಕ್ಷ್ಮಮ್ಮ ಇಳಿದು ಬಂದರು. "ಆ ಗಂಟೆ ಒಂದ್ಸಲ ಅಲ್ಲಾಡ್ಸಿ ನೋಡವ್ವ. ನಮ್ಮ ದನದ್ ಗಂಟೆ ಹಂಗೈತಾ?"

ಅವಳು ಅಲ್ಲಾಡಿಸಿದಳು. ಹಸುಗಳದ್ದು ದಪ್ಪ, ಒಡಕು ಸದ್ದು. ಇದು ತೆಳು ಕಂಚಿನದ್ದು. ಅಷ್ಟು ಗದ್ದಲದಲ್ಲೂ ಇದೊಂದೇ ಬೇರೆಯಾಗಿ ಕೇಳುತ್ತಿತ್ತು... ಕೇಳಲೆಂದೇ ಕಟ್ಟಿದಂತೆ.

ಮುದುಕಿ ನಗುತ್ತಾ ಉಳಿದಿದ್ದನ್ನು ಹೇಳಿದರು. ಬ್ರೂನಪ್ಪನವರು ಹಿಂಡಿನ ಹಿಂದೆ ಹೋಗುವುದು ಅವರದೇ ಖುಷಿಗೆ. ಹಾಲು ಬತ್ತಿದ ಮುದಿ ಹಸುವೊಂದರ ಪಕ್ಕ ನೆರಳಲ್ಲಿ ಮಲಗಿ ಗೊರಕೆ ಹೊಡೆಯುವುದಕ್ಕೆ. ಮೇಡಂ ಇಲ್ಲಿಗೆ ಬಂದಾಗ ಬೆಲ್ಟಿಲ್ಲದ ನಾಯಿ ಎಲ್ಲಿದೆಯೆಂದು ಅವರಿಗೆ ಗೊತ್ತಾಗುವುದು ಹೇಗೆ ಎಂಬ ಚಿಂತೆ ಮಗನಿಗೆ ಹತ್ತಿತು. ಹಳೇಬೀಡಿನ ಅಂಗಡಿಯ ಗಂಟೆಗಳನ್ನೆಲ್ಲ ತಂದ. ಟವಲಿನಲ್ಲಿ ಕಣ್ಣು ಕಟ್ಟಿಕೊಂಡು, ಯಾವುದು ಎಲ್ಲಿಂದ ಕೇಳುತ್ತದೆ ಎಂದು ಅಂಗಳವೆಲ್ಲ ಸುತ್ತಿದ.

"ತಿಪ್ಪೆಗುಂಡಿಗೆ ಬಿದ್ದ ಕಣವ್ವ. ಆದ್ರೂ ಟವಲ್ ಬಿಚ್ಚಲಿಲ್ಲ."

ಬಿಂದುಶ್ರೀ ಗಂಟೆಯನ್ನು ಬೆರಳಲ್ಲಿ ಸವರಿದಳು. *ನನ್ನ ಕತ್ತಲೆಯೊಳಗೆ ಬಂದು ಬಿದ್ದೆದ್ದು ಹೋಗಿದ್ದಾನೆ... ನಾನು ಅವನನ್ನು ಬೈದೆ.*

ಬಗ್ಗಿ ಬ್ರೂನೋನ ಬೆಲ್ಟು ಬಿಚ್ಚಿದಳು. ಈ ಸಲ ಅದನ್ನು ಕೆಂಪಲಕ್ಷ್ಮಮ್ಮನ ಕೈಗೇ ಕೊಟ್ಟಳು. ಲತಾಮಣಿ ತೋಳು ಹಿಡಿಯಲು ಬಂದಾಗ ಬೇಡವೆಂದಳು.

"ಬ್ರೂನಪ್ಪ, ಸಂತು ಎಲ್ಲಿ?"

ಗಂಟೆ ಹೊರಟಿತು. ಅವಳು ಅದರ ಹಿಂದೆ ಹೊರಟಳು. ಹಿಡಿಯಿಲ್ಲ, ಕೋಲಿಲ್ಲ. ಗೊತ್ತಿಲ್ಲದ ಅಂಗಳದಲ್ಲಿ ಒಂದು ಸದ್ದನ್ನು ನಂಬಿ, ತಲೆಯೆತ್ತಿ, ಮೆರವಣಿಗೆ ಹೊರಟವಳಂತೆ ನಡೆದಳು. ಅವಳು ತಡೆದರೆ ಗಂಟೆಯೂ ತಡೆದು ಕಾಯುತ್ತಿತ್ತು. ಹುಲ್ಲಿನ ವಾಸನೆ ಹತ್ತಿರವಾಯಿತು. ಗಂಟೆ ನಿಂತಿತು.

"ತಿಪ್ಪೆಗುಂಡಿ ಎಷ್ಟು ಆಳ ಇತ್ತು?" ಎಂದಳು.

ಸಂತು ಕೈಲಿದ್ದ ಹುಲ್ಲನ್ನು ಕೆಳಗಿಟ್ಟ. "ಅವ್ವ ಹೇಳ್ಬಿಟ್ಳಾ."

"ನೀವು ಹೇಳಬೇಕಿತ್ತು. ಇವನು ಇಲ್ಲೇ ಇರ್ತಾನೆ. ನನ್ನದು ತಪ್ಪಾಯ್ತು." ಅವಳ ದನಿ ಮೆತ್ತಗಾಯಿತು. "ಆದ್ರೆ ಒಂದು ತಕರಾರಿದೆ. ನಾಯಿ ಎಲ್ಲಿದೆ ಅಂತ ನನಗೆ ಗೊತ್ತಾಗುತ್ತೆ. ನೀವು ಎಲ್ಲಿದ್ದೀರಿ ಅಂತ ಗೊತ್ತಾಗಲ್ಲ. ಈ ಮನೆಯಲ್ಲಿ ಇರಬೇಕಾದವಳಿಗೆ ಅದೂ ಗೊತ್ತಾಗಬೇಕಲ್ಲ?"

ಅವಳು ಹೇಳಿದ್ದೇನೆಂದು ಸಂತುವಿಗೆ ಅರ್ಥವಾಗಲು ಬ್ರೂನೋ ಎರಡು ಸಲ ಆಕಳಿಸುವಷ್ಟು ಹೊತ್ತು ಹಿಡಿಯಿತು.

"ಇನ್ನೂ ಒಂದು ಗಂಟೆ ಉಳಿದೈತೆ," ಎಂದ. "ನನ್ನ ಕೊರಳಿಗೆ ಕಟ್ಬಿಡಿ."

"ಊರವರು ನಗಲ್ವಾ?"

"ನಗಲಿ ಬಿಡಿ. ನಾನೂ ನಿಮಗೊಂದು ಕಟ್ಟೋದೈತೆ. ಅದಕ್ಕೆ ಎಲ್ರನ್ನೂ ಕರೆದು ಊಟ ಹಾಕ್ಸನ, ಸುಮ್ಕಾಯ್ತಾರೆ."

ಅವಳು ಕೈ ಚಾಚಿದಳು. ಅವನು ಹಿಡಿದುಕೊಂಡ.

"ಮೇಡಂ ಅನ್ನೋದು ಬಿಡ್ತೀರಾ?"

"ಬಿಟ್ಟೆ... ಬಿಂದು."