ಗುಂಡಿ ಭಾವನ ಒಂಬತ್ತು ಮತ

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ದರ್ಜಿಗಳ ಸಂಘದ ಚುನಾವಣಾಧಿಕಾರಿ ಏದುಸಿರು ಬಿಡುತ್ತ ಠಾಣೆಗೆ ಬಂದರು. ಅಧ್ಯಕ್ಷರ ಆಯ್ಕೆಯ ಎಣಿಕೆ ಅರ್ಧಕ್ಕೆ ನಿಂತಿತ್ತು. ಒಂದು ಕಟ್ಟು ಮತಪತ್ರ ಮಾಯವಾಗಿತ್ತು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೇಬಲ್‌ನನ್ನು ಕರೆದುಕೊಂಡು ಸಂಘದ ಹೊಲಿಗೆ ಕೊಠಡಿಗೆ ಹೋದರು.

"ಒಟ್ಟು ನಲವತ್ತು ಮತ ಸಾರ್," ಎಂದರು ಅಧಿಕಾರಿ. "ಕತ್ತರಿ ಅಕ್ಕನಿಗೆ ಹದಿನಾರು, ಕಾಲರ್ ಮಾವನಿಗೆ ಹದಿನೈದು, ಗುಂಡಿ ಭಾವನಿಗೆ ಒಂಬತ್ತು. ಗೆಲ್ಲೋಕೆ ಅರ್ಧಕ್ಕಿಂತ ಹೆಚ್ಚು ಬೇಕು."

"ಯಾರಿಗೂ ಬಂದಿಲ್ವಲ್ಲ?"

"ಅದಕ್ಕೇ ಪ್ರಾಶಸ್ತ್ಯದ ಮತ. ಒಂದು, ಎರಡು ಅಂತ ಇಷ್ಟದ ಕ್ರಮ ಬರೆಸಿದೀವಿ. ಕಡೇಲಿರೋ ಭಾವ ಔಟ್. ಅವರ ಒಂಬತ್ತು ಪತ್ರದಲ್ಲಿ ಎರಡು ಅಂತ ಯಾರಿಗೆ ಬರೆದಿದೆಯೋ ಅವರಿಗೆ ಆ ಮತ ಸೇರುತ್ತೆ. ಚಹಾ ಕುಡಿದು ಬರೋಷ್ಟರಲ್ಲಿ ಆ ಕಟ್ಟೇ ಇಲ್ಲ!"

ಕಾನ್‌ಸ್ಟೇಬಲ್ ಮೀಸೆ ತಿರುವಿದ. "ಉಳಿದದ್ದನ್ನೇ ಲೆಕ್ಕಕ್ಕೆ ಹಿಡಿದ್ರೆ ಅಕ್ಕ ಗೆದ್ದಂಗೇ ಸಾರ್."

"ಗೆಲ್ಲೋ ಭಾಷಣ ಬರೆದಿಟ್ಟು ಕೂತಿದೀನಿ, ಕದಿಯೋ ಗ್ರಹಚಾರ ನನಗ್ಯಾಕೆ?" ಎಂದು ಅಕ್ಕ ಕಾಗದ ಝಾಡಿಸಿದರು.

ವಿಚಾರಿಸಿದರೆ, ಚಹಾದ ಹೊತ್ತು ಪೂರ್ತಿ ಅಕ್ಕನೂ ಮಾವನೂ ಹೊರಗೆ ಜಗಳವಾಡುತ್ತಿದ್ದರು. ಹಾಗಾಗಿ ಒಬ್ಬರಿಗೊಬ್ಬರು ಸಾಕ್ಷಿ.

"ಎಲ್ಲರನ್ನೂ ಶೋಧಿಸ್ತೀವಿ," ಎಂದರು ಇನ್ಸ್‌ಪೆಕ್ಟರ್. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಗುಂಡಿ ಭಾವನ ಕೈ ಕೋಟಿನ ಅಂಚಿಗೆ ಹೋಯಿತು. ಕಪ್ಪು ಕೋಟು, ಅಂಚಿಗೆ ಬಿಳಿ ದಾರ.

"ದರ್ಜಿಯಾಗಿ ಇದೆಂಥ ಹೊಲಿಗೆ?"

"ಮಿಷನ್ನಲ್ಲಿ ಅದೇ ದಾರ ಇತ್ತು ಸಾರ್," ಎಂದು ಭಾವ ತಲೆ ತಗ್ಗಿಸಿದರು.

ಹೊಲಿಗೆ ಬಿಚ್ಚಿದರೆ ಕೋಟಿನ ಅಸ್ತರಿನೊಳಗಿಂದ ಒಂಬತ್ತೂ ಪತ್ರ ಹೊರಬಂದವು.

"ನನ್ನ ಮತಾನ ಬೇರೆಯವರ ರಾಶಿಗೆ ಸುರೀತಾರಲ್ಲ ಸಾರ್! 'ನಿಮಗೆ ಒಂದು ಓಟು ಬಿದ್ರೆ ಹೆಚ್ಚು' ಅಂತ ನನ್ನ ಹೆಂಡ್ತಿ ನಕ್ಕಿದ್ಳು. ಅವಳಿಗೊಂದ್ಸಲ ತೋರಿಸಿ ನಾಳೆ ತಂದಿಡೋಣ ಅಂತಿದ್ದೆ."

ಪಂಚನಾಮೆ ಮುಗಿಸಿ, ಪಂಚರ ಎದುರೇ ಎಣಿಕೆ ಮುಂದುವರಿಸಿದರು. ಎರಡನೇ ಪ್ರಾಶಸ್ತ್ಯ ಏಳರಲ್ಲಿ ಮಾವನಿಗೆ, ಒಂದರಲ್ಲಿ ಅಕ್ಕನಿಗೆ. ಇನ್ನೊಂದರಲ್ಲಿ ಭಾವನ ಹೆಸರಿನ ಮುಂದೆ ಒಂದು ಅಂತ ಬಿಟ್ಟರೆ ಬೇರೇನೂ ಇರಲಿಲ್ಲ. "ಇದು ಯಾರಿಗೂ ಸೇರಲ್ಲ," ಎಂದು ಅಧಿಕಾರಿ ಅದನ್ನು ಪಕ್ಕಕ್ಕಿಟ್ಟರು. ಒಟ್ಟು ಇಪ್ಪತ್ತೆರಡು ಮತ ಪಡೆದು ಮಾವ ಗೆದ್ದರು. ಅಕ್ಕ ತಮ್ಮ ಭಾಷಣ ಅವರ ಕೈಗೇ ತುರುಕಿದರು: "ಹೆಸರೊಂದು ಬದಲಾಯಿಸ್ಕೊಳ್ಳಿ!" ಕೊಠಡಿಯೆಲ್ಲ ನಗೆ.

"ನೋಡಿದ್ರಾ, ಅಧ್ಯಕ್ಷರನ್ನ ಗೆಲ್ಲಿಸಿದ್ದೇ ನಿಮಗೆ ಓಟು ಹಾಕಿದವರು," ಎಂದರು ಇನ್ಸ್‌ಪೆಕ್ಟರ್. ಐದು ಗಂಟೆಗೆ ಬಂಧನವಾಗುವಾಗ ಭಾವನ ಮುಖದಲ್ಲಿ ಗೆದ್ದವರಿಗಿಂತ ಹೆಚ್ಚು ಕಳೆ ಇತ್ತು.

ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಬರೆದರು: "ಉದ್ದೇಶ: ಹೆಂಡತಿಗೆ ತೋರಿಸುವುದು." ಅಷ್ಟರಲ್ಲಿ ಆಕೆಯೇ ಜಾಮೀನಿಗೆ ಬಂದರು. ಆಕೆಯೂ ಸಂಘದ ದರ್ಜಿ.

"ಒಂಬತ್ತು ಬಿತ್ತು ಕಣೇ!" ಎಂದರು ಭಾವ. "ಯಾರೋ ಒಬ್ರು ಮಾತ್ರ ಎರಡು ಅಂತ ಬರೆಯೋದೇ ಮರೆತಿದ್ರು."

"ಮರೆತಿರ್ಲಿಲ್ಲ," ಎಂದು ಆಕೆ ಸಹಿ ಹಾಕುತ್ತಲೇ ಹೇಳಿದರು. "ನಿಮ್ಮನ್ನ ಬಿಟ್ಟು ಇನ್ನೊಬ್ರ ಹೆಸರು ನನಗೆ ಹೊಳೀಲಿಲ್ಲ. ನಡೀರಿ, ಆ ಕೋಟಿಗೆ ಕಪ್ಪು ದಾರ ಹಾಕಿ ಕೊಡ್ತೀನಿ."